ಹುಕ್‌ಲೆಸ್ ವೀಲ್ ತಗೊಳ್ಳಬಹುದಾ?

‘ಮಣ್ಣು ರಸ್ತೆಯಲ್ಲಿ ಓಡಿಸುವ ಗ್ರಾವೆಲ್ ಸೈಕಲಿಗೆ ಹುಕ್‌ಲೆಸ್ ಟ್ಯೂಬ್‌ಲೆಸ್ ವೀಲ್ ಹಾಕಿಸಬಹುದಾ? ಟೈರು ಹಾರಿ ಹೋಗುವುದಿಲ್ವಾ?’

ಭಾನುವಾರ ಬೆಳಿಗ್ಗೆ ಪಡುಬಿದ್ರಿಯಲ್ಲಿ ಬನ್ಸ್, ಚಹಾಕ್ಕೆ ನಿಂತಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನಾನು ಹುಕ್‌ಲೆಸ್ಸೇ ಓಡಿಸುವವ. ಆದರೂ ಹೌದು ಅನ್ನುವ ಮೊದಲು ಒಂದು ಮಾತು ಕೇಳುತ್ತೇನೆ: ನಿಮ್ಮ ಟೈರಿಗೆ ಗಾಳಿ ಹಾಕುವುದು ಯಾರು?

ಮಾಮೂಲಿ ರಿಮ್‌ನ ಅಂಚು ಒಳಗೆ ಕೊಕ್ಕೆಯ ಹಾಗೆ ಬಾಗಿರುತ್ತದೆ. ಗಾಳಿ ತುಂಬಿದಾಗ ಟೈರಿನ ಬೀಡ್, ಅಂದರೆ ಅದರ ಗಟ್ಟಿ ಅಂಚು, ಹೋಗಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹುಕ್‌ಲೆಸ್‌ನಲ್ಲಿ ಆ ಕೊಕ್ಕೆ ಇಲ್ಲ, ಗೋಡೆ ನೆಟ್ಟಗೆ. ಬೀಡ್ ಹಿಗ್ಗದೆ ಬಿಗಿಯಾಗಿ ಕೂತಿದೆ ಅನ್ನುವುದೇ ಆಧಾರ. ಹಾಗಾಗಿ ಟೈರು, ರಿಮ್‌ಗಳ ಅಳತೆ ನಿಗದಿ ಮಾಡುವ ಯುರೋಪಿನ ಸಂಸ್ಥೆ ಇಟಿಆರ್‌ಟಿಒ ನಿಯಮದಲ್ಲಿ ಇದಕ್ಕೆ ಗಾಳಿಯ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಟೈರಿನ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಆ ಕಡಿಮೆಯದ್ದೇ ಲೆಕ್ಕ.

ಗ್ರಾವೆಲ್‌ಗೆ ಇದು ತೊಂದರೆಯೇ ಅಲ್ಲ. ನನ್ನದು 42 ಎಂಎಂ ಟೈರು. ಮುಂದೆ 32, ಹಿಂದೆ 35 ಪಿಎಸ್‌ಐ. ಹೆಚ್ಚುಕಡಿಮೆ ಕಾರಿನ ಟೈರಿನಷ್ಟೇ ಗಾಳಿ. ಇನ್ನೊಂದು ಲಾಭವೂ ಉಂಟು. ಕಾರ್ಕಳದ ಕಡೆಯ ಮಣ್ಣು ರಸ್ತೆಗಳಲ್ಲಿ ಮುರಕಲ್ಲು ಹೇಗೆ ಎದ್ದಿರುತ್ತದೆ ಗೊತ್ತಲ್ವಾ? ಕಡಿಮೆ ಗಾಳಿಯಲ್ಲಿ ಟಣ್ ಅಂತ ರಿಮ್ಮಿಗೇ ಬಡಿಯುತ್ತದೆ. ಹುಕ್‌ಲೆಸ್ ರಿಮ್‌ನ ಅಂಚು ದಪ್ಪ, ಮೊಂಡು. ಪೆಟ್ಟು ತಡೆಯುತ್ತದೆ, ಟೈರನ್ನು ಕತ್ತರಿಸುವುದೂ ಕಡಿಮೆ. ಕಾರ್ಬನ್ ರಿಮ್ ಆದರೆ ಅಚ್ಚು ಸರಳ, ತಯಾರಿಕೆ ಅಗ್ಗ. ಆ ಅಗ್ಗ ನಮ್ಮ ಬಿಲ್ಲಿನಲ್ಲಿ ಎಷ್ಟು ಕಾಣುತ್ತದೆ ಅನ್ನುವುದು ಬೇರೆ ಕಥೆ.

ಹೆದರಿಕೆ ಹುಟ್ಟಿದ್ದು ರೋಡ್ ರೇಸಿನಿಂದ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್‌ನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದರು. ಟೈರು ಹುಕ್‌ಲೆಸ್ ರಿಮ್ ಬಿಟ್ಟು ಬಂದಿತ್ತು. ಕಲ್ಲಿಗೆ ಬಡಿದದ್ದೇ ಕಾರಣ ಅಂತ ಕಂಪನಿಯವರು, ಇಂಥ ವೀಲೇ ಬೇಡ ಅಂತ ಸವಾರರು. ಆದರೆ ಅಲ್ಲಿದ್ದದ್ದು 28 ಎಂಎಂನ ಸಪೂರ ಟೈರು, ಅದಕ್ಕೆ ಗಾಳಿ ಜಾಸ್ತಿ ಬೇಕು. ನಮ್ಮ ದಪ್ಪ ಟೈರಿಗೂ ಅದಕ್ಕೂ ತಾಳೆ ಹಾಕಬೇಡಿ.

ನನ್ನ ಟೈರು ಹಾರಿದ್ದು ರಸ್ತೆಯಲ್ಲಿ ಅಲ್ಲ, ಮನೆಯಂಗಳದಲ್ಲಿ. ಏಪ್ರಿಲ್ ತಿಂಗಳು. ಭಾವ ಊರಿಗೆ ಬಂದಿದ್ದರು. ‘ಎಂತ ಮಾರಾಯ, ಟೈರಲ್ಲಿ ಗಾಳಿಯೇ ಇಲ್ಲ’ ಅಂತ ನನಗೆ ಉಪಕಾರ ಮಾಡಲು ಪಂಕ್ಚರ್ ಅಂಗಡಿಗೆ ತಗೊಂಡು ಹೋದರು. ಅಲ್ಲಿ ಸೈಕಲ್ ಟೈರೆಂದರೆ ಹೆಬ್ಬೆರಳು ಒತ್ತಿದರೆ ಕಲ್ಲಿನ ಹಾಗಿರಬೇಕು. ಹಾಗೇ ತುಂಬಿಸಿ ತಂದು ಬಿಸಿಲಲ್ಲಿ ನಿಲ್ಲಿಸಿದರು. ಬಿಸಿಲಿಗೆ ಒಳಗಿನ ಒತ್ತಡ ಇನ್ನಷ್ಟು ಏರುತ್ತದೆ. ಸ್ವಲ್ಪ ಹೊತ್ತಿಗೆ ಜಾತ್ರೆಯ ಕದಿನಿ ಸಿಡಿದ ಹಾಗೆ ಶಬ್ದ. ತೂತು ಮುಚ್ಚಲು ಟೈರೊಳಗೆ ಹಾಕುವ ಸೀಲಂಟ್ ದ್ರವ ಎಲ್ಲ ಅಮ್ಮ ಒಣಗಲು ಹಾಕಿದ್ದ ಹಲಸಿನ ಹಪ್ಪಳದ ಮೇಲೆ. ಅಮ್ಮ ಎರಡು ದಿನ ಮಾತಾಡಿದ್ದು ಭಾವನ ಜೊತೆ ಮಾತ್ರ. ತಪ್ಪು ನನ್ನದಂತೆ.

ಹಾಗಾಗಿ ಸೈಕಲಿಗೆ ನೀವೊಬ್ಬರೇ ಕೈ ಹಾಕುವುದಾದರೆ, ಮೀಟರ್ ಇರುವ ಪಂಪ್ ಮನೆಯಲ್ಲಿದ್ದರೆ, 38ರಿಂದ ಮೇಲಿನ ಟೈರು ಮಾತ್ರ ಹಾಕುವುದಾದರೆ, ಧೈರ್ಯವಾಗಿ ತಗೊಳ್ಳಿ. ರಿಮ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಟೈರು ಇದೆಯಾ ನೋಡಿಯೇ ದುಡ್ಡು ಕೊಡಿ. ದಾರಿಯಲ್ಲಿ ಟ್ಯೂಬ್ ಹಾಕಬೇಕಾಗಿ ಬಂದರೂ ಟೈರು ಟ್ಯೂಬ್‌ಲೆಸ್‌ದೇ ಇರಬೇಕು. ಟ್ಯೂಬ್ ಇದೆಯಲ್ಲ ಅಂತ ಹಳೇ ಟೈರು ಏರಿಸಬೇಡಿ.

ಆದರೆ ಕೇಳುವವರಲ್ಲಿ ಜಾಸ್ತಿ ಜನರಿಗೆ ಬೇಕಾದ್ದು ಇದಲ್ಲ. ಶನಿವಾರ ಮಣ್ಣು ರಸ್ತೆ, ಭಾನುವಾರ ಅದೇ ವೀಲಿಗೆ 28ರ ಟೈರು ಹಾಕಿ 80 ಪಿಎಸ್‌ಐ ತುಂಬಿ ಹೆದ್ದಾರಿ 66ರಲ್ಲಿ ಮಂಗಳೂರಿಂದ ಉಡುಪಿಗೆ ಹಾರಬೇಕು. ಅವರಿಗೆ ನಾನು ಹುಕ್ ಇರುವ ರಿಮ್ಮೇ ಹೇಳುವುದು. ತೂಕ ತುಸು ಜಾಸ್ತಿ ಆಗಬಹುದು, ಆಗಲಿ. ಒಂದೇ ಜೊತೆ ವೀಲಿನಲ್ಲಿ ಎರಡೂ ಆಟ ಬೇಕೆಂದರೆ ಹುಕ್‌ಲೆಸ್ ಸುಮ್ನೆ ತಲೆನೋವು.

ನನ್ನ ವೀಲಿನ ವಾಲ್ವ್ ಪಕ್ಕ ಈಗ ಕೆಂಪು ಟೇಪಿನ ಮೇಲೆ ‘35 ಮಾತ್ರ’ ಅಂತ ಬರೆದು ಅಂಟಿಸಿದ್ದೇನೆ. ಹಿಂದಿನದಕ್ಕೂ ಮುಂದಿನದಕ್ಕೂ ಅದೇ. ಭಾವನಿಗೆ ಎರಡು ನಂಬರ್ ಕೊಟ್ಟರೆ ಅದಲು ಬದಲು ಮಾಡಿಯಾರು.