ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋದರೆ ಪಾಲಕರು ಏನು ಮಾಡಬೇಕು?

"ಡ್ರಾಯಿಂಗ್ ಮಾಸ್ತರು ರಿಟೈರ್ ಆದ್ರು, ಅವರ ಪೀರಿಯಡ್ ಗಣಿತಕ್ಕ ಹೋತು. ಕಂಪ್ಯೂಟರ್ ರೂಮಿಗೂ ಕೀಲಿ ಬಿದ್ದೈತಿ. ನಾವ್ ಏನ್ ಮಾಡಬೇಕ್ರಿ?" ಬಾಗಲಕೋಟೆ ಜಿಲ್ಲೆಯ ನೇಕಾರರ ಊರುಗಳಾದ ಇಳಕಲ್ಲ, ಗುಳೇದಗುಡ್ಡದ ಕಡೆಯ ಪಾಲಕರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಚಿತ್ರಕಲೆಯನ್ನು ಯಾರೂ ಆದೇಶ ಹೊರಡಿಸಿ ತೆಗೆಯುವುದಿಲ್ಲ. ಶಿಕ್ಷಕರು ನಿವೃತ್ತರಾಗುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ, ಜೂನ್‌ನಲ್ಲಿ ವೇಳಾಪತ್ರಿಕೆ ಬರೆಯುವಾಗ ಆ ಅವಧಿ ಬೇರೆ ವಿಷಯದ ಪಾಲಾಗುತ್ತದೆ. ಎರಡು ವರ್ಷ ಹಾಗೇ ನಡೆದರೆ ಅದೇ ರೂಢಿ. "ಮಕ್ಕಳಿಗೆ ಕಲೆ ಬೇಕು" ಎಂದು ಬರೆದುಕೊಟ್ಟ ಮನವಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಕೆಲಸ ಮಾತ್ರ ಆಗುವುದಿಲ್ಲ. ಕೇಳಬೇಕಾದದ್ದು ಹುದ್ದೆ ಮತ್ತು ಅವಧಿ.

ಕಾನೂನಿನ ಆಧಾರ ಗಟ್ಟಿಯಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಮೂರಕ್ಕೂ ಅರೆಕಾಲಿಕ ಬೋಧಕರಿರಬೇಕು. ಮನವಿಯ ಮೊದಲ ಸಾಲಿನಲ್ಲೇ ನಿಮ್ಮ ಶಾಲೆಯ ಆ ಮೂರು ತರಗತಿಗಳ ದಾಖಲಾತಿ ಬರೆಯಿರಿ.

ಅದಕ್ಕೂ ಮೊದಲು ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಂದಿನಿಂದ ಎಂಬುದು ಕೈಯಲ್ಲಿರಲಿ. ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಂಪ್ಯೂಟರ್ ವಿಷಯವನ್ನೂ ಅದರಲ್ಲೇ ತುರುಕಿದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ತೊಡಕು ನಿಯೋಜನೆಯದು. ನಿಮ್ಮ ಶಿಕ್ಷಕರು ಬೇರೆಡೆ ನಿಯೋಜನೆ ಮೇಲಿದ್ದರೆ ದಾಖಲೆಯಲ್ಲಿ ಹುದ್ದೆ ಭರ್ತಿಯೇ. ಆಗ ಹೊಸ ನೇಮಕ ಕೇಳಿ ಫಲವಿಲ್ಲ, ನಿಯೋಜನೆ ರದ್ದು ಮಾಡಿ ಎಂದು ಕೇಳಬೇಕು.

ಯಾರನ್ನು ಕೇಳುವುದು? ವೇಳಾಪತ್ರಿಕೆ ಮುಖ್ಯ ಗುರುಗಳ ಕೈಯಲ್ಲಿದೆ. ಹತ್ತಿರದ ಶಾಲೆಯ ಚಿತ್ರಕಲಾ ಶಿಕ್ಷಕರನ್ನು ವಾರಕ್ಕೆ ಎರಡು ದಿನ ಕಳಿಸಿ ಎಂಬ ಕೋರಿಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ. ಹೊಸ ಹುದ್ದೆಯ ಬೇಡಿಕೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಮೂಲಕ ಮೇಲಕ್ಕೆ ಹೋಗಬೇಕು. ಅವರ ಮೇಲಿನ, ನಮ್ಮ ವಿಭಾಗದ ಶಿಕ್ಷಣ ಇಲಾಖೆ ಅಪರ ಆಯುಕ್ತರ ಕಚೇರಿ ಧಾರವಾಡದಲ್ಲಿದೆ. ಮೂರನ್ನೂ ಒಂದೇ ಪತ್ರದಲ್ಲಿ ಬರೆದರೆ ಪ್ರತಿ ಮೇಜಿನವರೂ ಇನ್ನೊಂದು ಮೇಜು ತೋರಿಸುತ್ತಾರೆ. ಪತ್ರದ ಜೊತೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಠರಾವಿನ ಪ್ರತಿ ಇರಲಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಠರಾವು ಏಪ್ರಿಲ್‌ಗೂ ಮುಂಚೆ ಆಗಬೇಕು. ಜುಲೈನಲ್ಲಿ ಕೇಳಿದರೆ ವೇಳಾಪತ್ರಿಕೆ ಆಗಲೇ ಗೋಡೆಗೆ ಅಂಟಿರುತ್ತದೆ.

ಕಂಪ್ಯೂಟರ್ ಕೋಣೆಯಲ್ಲಿ ಎಷ್ಟೋ ಸಲ ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ಯುಪಿಎಸ್ ಬ್ಯಾಟರಿ. ಬೇಸಿಗೆ ರಜೆಯಲ್ಲಿ ಚಾರ್ಜ್ ಇಲ್ಲದೆ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಸಾಯುತ್ತದೆ. ರಜೆಯಲ್ಲೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿಸಿ, ನೀರು ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಆಗಿದ್ದರೆ ಡಿಸ್ಟಿಲ್ಡ್ ನೀರಿನ ಮಟ್ಟ ನೋಡಿ. ಕೆಟ್ಟ ಸಾಮಗ್ರಿ ಬದಲಿಸಲು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಬಳಸಬಹುದು. "ಲ್ಯಾಬ್ ಸರಿಪಡಿಸಿ" ಎನ್ನಬೇಡಿ. ಎಷ್ಟು ಬ್ಯಾಟರಿ, ಎಷ್ಟು ಎಎಚ್ (ಬ್ಯಾಟರಿಯ ಸಾಮರ್ಥ್ಯ), ಕೊಟೇಶನ್ ಎಷ್ಟು ಎಂದು ಬರೆಯಿರಿ.

"ಇದಕ್ಕ ಮಾರ್ಕ್ಸ್ ಎಲ್ಲಿ ಬರ್ತಾವ?" ಎನ್ನುವ ಪಾಲಕರೂ ಇದ್ದಾರೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಚಿತ್ರಕಲೆ ಸೇರುವುದಿಲ್ಲ, ನಿಜ. ಅವರ ಮುಂದೆ ಮಗ್ಗದ ಮಾತು ತೆಗೆಯಿರಿ. ಸೀರೆಯ ಬುಟ್ಟಾ ಮೊದಲು ಗ್ರಾಫ್ ಹಾಳೆಯಲ್ಲಿ ಮೂಡುತ್ತದೆ, ಒಂದು ಚೌಕ ಎಂದರೆ ಹಾಸು ಹೊಕ್ಕು ಕೂಡುವ ಒಂದು ಜಾಗ. ಮಗ್ಗದಲ್ಲಿ ವಿನ್ಯಾಸ ಮೂಡಿಸುವ ಜಕಾರ್ಡ್ ಕಾರ್ಡಿನಲ್ಲಿ ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರಿನ ಒಂದು, ಸೊನ್ನೆಯೂ ಇದೇ ಲೆಕ್ಕ. ನೇಕಾರರ ಮನೆಯ ಮಗುವಿಗೆ ಚಿತ್ರವೂ ಕಂಪ್ಯೂಟರೂ ಎರಡು ಬೇರೆ ವಿಷಯವೇ ಅಲ್ಲ. ಇಂಥ ಮಾತಿಗೆ ಎಸ್‌ಡಿಎಂಸಿ ಸಭೆಯಲ್ಲಿ ಕೈ ಎತ್ತುವವರು ಸಿಗುತ್ತಾರೆ.

"ಪ್ರತಿಭಾ ಕಾರಂಜಿ ಇದೆಯಲ್ಲ" ಎಂಬ ಉತ್ತರಕ್ಕೆ ಒಪ್ಪಬೇಡಿ. ಅದು ಸ್ಪರ್ಧೆ, ಆಗಲೇ ಬಲ್ಲ ಕೆಲವು ಮಕ್ಕಳಿಗೆ. ಪ್ರತಿ ಮಗುವೂ ಕುಂಚ ಹಿಡಿಯುವುದು ವಾರದ ಅವಧಿಯಲ್ಲೇ. ಅದು ನಡೆಯುತ್ತಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಮಗುವಿನ ಡ್ರಾಯಿಂಗ್ ಪುಸ್ತಕ ತೆರೆದು ದಿನಾಂಕ ನೋಡಿ, ಖಾಲಿ ವಾರಗಳನ್ನು ಮುಂದಿನ ಸಭೆಯ ನಡವಳಿಯಲ್ಲಿ ಬರೆಸಿ.