ಮರು ಆಪರೇಷನ್ನು, ಮತ್ತು ‘ನೀವೇ ಮಾಡ್ತೀರಾ ಸಾರ್?’

12 ನವೆಂಬರ್ 2024, ಮಂಗಳವಾರ

ಪುಟ್ಟನ ಅಂಗುಳದ ಮರು ಆಪರೇಷನ್ನನ್ನ ನೀವೇ ಮಾಡ್ತೀರಾ ಅಂತ ದೊಡ್ಡ ಡಾಕ್ಟ್ರನ್ನ ಕೇಳಿಯೇಬಿಟ್ಟೆ ಇವತ್ತು. ಹೀಗೆ ಕೇಳುತ್ತೇನೆ ಅಂದಾಗ ಮನೆಯಲ್ಲಿ ಒಬ್ಬರೂ ಹೂಂ ಅಂದಿರಲಿಲ್ಲ. ಅತ್ತೆಗೆ, ದೊಡ್ಡ ಡಾಕ್ಟ್ರು ಸಿಟ್ಟು ಮಾಡಿಕೊಂಡರೆ ಮಗು ಗತಿ ಏನು ಅನ್ನೋ ಭಯ. ನಮ್ಮ ಯಜಮಾನರದು ಬೇರೆ ಸಂಕೋಚ: ಕಾರ್ಡಿನಲ್ಲಿ ಆಗ್ತಿರೋ ಆಪರೇಷನ್ನು, ಕೈಯಿಂದ ದುಡ್ಡು ಕೊಡದೆ ಇಂಥವರೇ ಬೇಕು ಅಂತ ಯಾವ ಬಾಯಲ್ಲಿ ಕೇಳೋದು? ಕಾರ್ಡು ಅಂದರೆ ಬಿಟ್ಟಿ ಅಂತ ಯಾರು ಹೇಳಿದ್ದೋ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಕಟ್ಟುತ್ತೆ, ಆಸ್ಪತ್ರೆಗೆ ಪ್ಯಾಕೇಜ್ ದುಡ್ಡು ಹೋಗಿಯೇ ಹೋಗುತ್ತೆ. ನಾವು ದಾನ ಬೇಡೋಕೆ ನಿಂತಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ಪುಟ್ಟನಿಗೆ ಹುಟ್ಟಿನಿಂದಲೇ ಸೀಳು ಅಂಗುಳ, ಅಂದರೆ ಬಾಯಿಯೊಳಗಿನ ಮೇಲ್ಭಾಗ ಕೂಡಿಕೊಳ್ಳದೆ ಸೀಳಾಗಿತ್ತು. ತುಟಿ ಸರಿಯಾಗಿಯೇ ಇದ್ದದ್ದರಿಂದ ಹೆರಿಗೆ ವಾರ್ಡಿನಲ್ಲಿ ಮೊದಲು ಯಾರಿಗೂ ಗೊತ್ತಾಗಲಿಲ್ಲ. ಕುಡಿಸಿದ ಹಾಲು ಮೂಗಿನಿಂದ ಬರೋಕೆ ಶುರುವಾದ ಮೇಲೆ ನರ್ಸ್ ಒಬ್ಬರು ಟಾರ್ಚ್ ಬಿಟ್ಟು ನೋಡಿದರು. ವರ್ಷ ತುಂಬುವುದರೊಳಗೆ ಬೇರೊಂದು ಆಸ್ಪತ್ರೆಯಲ್ಲಿ ಹೊಲಿಸಿದೆವು. ಗಟ್ಟಿ ಅಂಗುಳವೂ ಮೆತ್ತನೆ ಅಂಗುಳವೂ ಕೂಡುವ ಜಾಗದಲ್ಲಿ ಹೊಲಿಗೆ ಬಿಟ್ಟುಕೊಂಡು ಕಡಲೆಬೇಳೆಯಷ್ಟು ತೂತು ಉಳಿಯಿತು. ಫಿಸ್ಟುಲಾ ಅಂತಾರೆ. ಪಳಗಿದ ಕೈಯಲ್ಲೂ ಹೀಗಾಗುತ್ತೆ, ಅದಕ್ಕೆ ನಾನು ಯಾರನ್ನೂ ದೂರುತ್ತಿಲ್ಲ. ನನ್ನ ತಕರಾರು ಬೇರೆ. ಆವತ್ತು ಥಿಯೇಟರಿನೊಳಗೆ ನನ್ನ ಮಗನ ಬಾಯಿ ಹೊಲಿದದ್ದು ಯಾರು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಸಹಿ ಹಾಕಿಸಿಕೊಂಡವರು ಒಬ್ಬರು, ರೌಂಡ್ಸಿಗೆ ಬಂದವರು ಇನ್ನೊಬ್ಬರು, ಬೋರ್ಡಿನಲ್ಲಿದ್ದ ಹೆಸರಿನವರನ್ನು ನಾವು ಕಣ್ಣಾರೆ ಕಂಡದ್ದೇ ಇಲ್ಲ.

ಈಗ ಅವನಿಗೆ ಮೂರೂಮುಕ್ಕಾಲು. ಅಂಬಲಿ ಕುಡಿಯುವಾಗ ಮೂಗಿನ ಹೊಳ್ಳೆಗೆ ಬೆರಳು ಒತ್ತಿ ಹಿಡಿಯೋದನ್ನ ತಾನೇ ಕಲಿತಿದ್ದಾನೆ. ಪ, ಬ ಹೇಳುವಾಗ ಬಾಯಲ್ಲಿ ನಿಲ್ಲಬೇಕಾದ ಗಾಳಿ ಮೂಗಿಗೆ ಸೋರಿ ‘ಅಪ್ಪ’ ಅಂದರೂ ‘ಅಮ್ಮ’ ಅಂತಲೇ ಕೇಳಿಸುತ್ತೆ. ಇವರು ಆಫೀಸಿನಿಂದ ಬಂದಾಗ ಓಡಿ ಹೋಗಿ ಕಾಲು ತಬ್ಬಿಕೊಂಡು ‘ಅಮ್ಮ, ಅಮ್ಮ’ ಅಂತಾನೆ. ಪಕ್ಕದ ಮನೆಯವರಿಗೆ ನಗು. ಇವರು ಮಾತ್ರ ಪ್ರತಿಸಲವೂ ‘ಏನಪ್ಪಾ’ ಅಂತಲೇ ಓಗೊಡ್ತಾರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ (ಎಲ್ಲರ ಬಾಯಲ್ಲೂ ‘ಆಯಿಷ್’) ಮೂಗಿನ ಕೆಳಗೆ ಪುಟಾಣಿ ಕನ್ನಡಿ ಹಿಡಿದು ‘ಕಾಗೆ ಕಾಲು ಕಪ್ಪು’ ಅನ್ನು ಅಂದರು. ಆ ವಾಕ್ಯದಲ್ಲಿ ಮೂಗಿನ ಅಕ್ಷರ ಒಂದೂ ಇಲ್ಲ, ಕನ್ನಡಿ ಒಣಗಿರಬೇಕು. ಪುಟ್ಟ ‘ಕಾಗೆ’ ಅನ್ನೋಷ್ಟರಲ್ಲಿ ಮಂಜು ಹಿಡಿಯಿತು. ಮಾತಿನ ತರಬೇತಿ ಎಷ್ಟು ಕೊಟ್ಟರೂ ತೂತು ಮುಚ್ಚೋದಿಲ್ಲ, ಜೊತೆಗೆ ಅಕ್ಷರಗಳನ್ನು ಗಂಟಲಲ್ಲೇ ಕಟ್ ಮಾಡಿ ಹೇಳೋ ಅಭ್ಯಾಸ ಬೇರೂರುತ್ತಿದೆ, ಸ್ಕೂಲಿಗೆ ಸೇರಿಸೋ ಮೊದಲೇ ಮರು ಆಪರೇಷನ್ ಆದರೆ ಒಳ್ಳೆಯದು ಅಂದರು ಥೆರಪಿಸ್ಟ್.

ಹಳೇ ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ ಇಸಕೊಳ್ಳೋದೇ ಒಂದು ಕಥೆಯಾಯಿತು. ಡಿಸ್ಚಾರ್ಜ್ ಸಮರಿ ಸಾಲದು. ಯಾವ ಫ್ಲಾಪ್ (ಸೀಳು ಮುಚ್ಚೋಕೆ ಪಕ್ಕದಿಂದ ಬಿಡಿಸಿಕೊಳ್ಳೋ ಚರ್ಮದ ಪಟ್ಟಿ) ಎತ್ತಿದ್ದರು, ರಕ್ತನಾಳ ಉಳಿದಿದೆಯಾ ಅನ್ನೋದೆಲ್ಲ ಇರೋದು ನೋಟ್ಸಿನಲ್ಲಿ. ರೆಕಾರ್ಡ್ ಸೆಕ್ಷನ್ನಿನವರು ನಾಳೆ ಬಾ ಅನ್ನುತ್ತಲೇ ಇದ್ದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ. ಅದನ್ನು ಅರ್ಜಿಯಲ್ಲಿ ಬರೆದು ಇನ್‌ವರ್ಡ್ ಸೀಲ್ ಹಾಕಿಸಿದ ಮೇಲೆ ಜೆರಾಕ್ಸ್ ಕೈಗೆ ಬಂತು. ಸರ್ಜನ್ ಅನ್ನೋ ಕಾಲಮ್ಮಿನಲ್ಲಿ ಮೂರು ಹೆಸರು! ಯಾರು ಕತ್ತರಿಸಿದರು, ಯಾರು ಹೊಲಿದರು ಅಂತ ಆಗಲೂ ತಿಳಿಯಲಿಲ್ಲ.

ಈ ನಡುವೆ ಭಾವನವರು ಎಂಎಲ್‌ಎ ಪಿಎ ಕಡೆಯಿಂದ ಒಂದು ಫೋನು ಮಾಡಿಸ್ತೀನಿ ಅಂತ ಹೊರಟಿದ್ದರು. ಬೇಡ ಅಂದೆ. ಶಿಫಾರಸಿನ ಮಗು ಅಂದರೆ ಡಾಕ್ಟ್ರಿಗೂ ಮುಜುಗರ, ಮುಂದೆ ನಾವು ಏನು ಕೇಳಿದರೂ ಅದು ಪಿಎ ಬಾಯಿಂದಲೇ ಬಂದಂತೆ. ಕೇಳೋದನ್ನ ತಾಯಿಯಾಗಿ ನಾನೇ ಕೇಳಿದರೆ ಅವರೂ ನನಗೇ ಉತ್ತರ ಕೊಡ್ತಾರೆ. ಕಾಸರಗೋಡಿನ ಗೆಳತಿ ತ್ರಿಶೂರಿಗೆ ಹೋಗಿ ಅಂದಳು. ಅಲ್ಲಿನ ಜ್ಯೂಬಿಲಿ ಮಿಷನ್ನಿನಲ್ಲಿ ಡಾ. ಹಿರ್ಜಿ ಅಡೆನ್‌ವಾಲಾ ದಶಕಗಳ ಕಾಲ ಸೀಳು ತುಟಿ, ಸೀಳು ಅಂಗುಳದ ಮಕ್ಕಳಿಗೇ ಬದುಕು ತೇದವರು. ಅವರು 2020ರಲ್ಲಿ ತೀರಿಕೊಂಡರು. ಅಷ್ಟು ದೂರ ಹೋದರೆ ಆಮೇಲಿನ ಫಾಲೋಅಪ್ಪಿಗೆ ಓಡಾಡೋದು ನಮ್ಮ ಕೈಯಲ್ಲಾಗದು ಅಂತ ಇಲ್ಲೇ ಉಳಿದೆವು.

ಒಪಿಡಿಯಲ್ಲಿ ಮೊದಲು ಸಿಕ್ಕಿದ್ದು ಪಿಜಿ ಹುಡುಗಿ, ಇನ್ನೂ ಕಲಿಯುತ್ತಿರೋ ಕಿರಿಯ ಡಾಕ್ಟ್ರು. ಕೇಸ್ ಶೀಟ್ ಬರೆದುಕೊಳ್ಳುತ್ತಿದ್ದವಳಿಗೆ ಹೇಳಿದೆ, ನಿಮ್ಮ ಮೇಲೆ ಅಪನಂಬಿಕೆ ಇಲ್ಲ, ಆದರೆ ಇದನ್ನ ಸಾರ್ ಹತ್ರ ಕೇಳಲೇಬೇಕು ಅಂತ. ಅವಳು ಪೆನ್ನು ಎತ್ತದೆ, “ಒಳಗೆ ಹೋದಾಗ ಮೊದಲೇ ಕೇಳಿಬಿಡಿ ಅಕ್ಕ, ಕೊನೇಗೆ ಇಟ್ಕೊಂಡ್ರೆ ಅಷ್ಟರಲ್ಲಿ ಮುಂದಿನ ಪೇಷಂಟ್ ಕರೆದುಬಿಡ್ತಾರೆ” ಅಂದಳು. ಇಡೀ ದಿನದಲ್ಲಿ ಸಿಕ್ಕ ಉತ್ತಮ ಸಲಹೆ ಅದೇ.

ಒಳಗೆ ಹಿರಿಯ ಸರ್ಜನ್ ಟಾರ್ಚ್ ಹಾಕಿ ನೋಡಿದರು, ನೋಟ್ಸ್ ಓದಿದರು. ನಾನು ಚೀಟಿಯಲ್ಲಿ ಬರೆದುಕೊಂಡಿದ್ದನ್ನು ಓದಿದೆ. ಥಿಯೇಟರಿನಲ್ಲಿ ನೀವು ಇರೋದಷ್ಟೇ ಅಲ್ಲ, ಫ್ಲಾಪ್ ಎತ್ತೋದು, ಕೂಡಿಸೋದು ನೀವೇ ಮಾಡ್ತೀರಾ? ಹೀಗೆ ಒಮ್ಮೆ ಬಿಟ್ಟುಕೊಂಡ ಅಂಗುಳಗಳನ್ನ ನೀವು ಆಗಾಗ ಮಾಡ್ತಿರ್ತೀರಾ? ಆ ದಿನ ನಿಮಗೆ ಬರೋಕಾಗದೆ ಹೋದರೆ ಬೇರೆಯವರು ಮಾಡ್ತಾರಾ, ಇಲ್ಲಾ ದಿನ ಮುಂದಕ್ಕೆ ಹೋಗುತ್ತಾ?

ಅವರಿಗೆ ಸಿಟ್ಟೇನೂ ಬರಲಿಲ್ಲ. ಕನ್ನಡಕ ತೆಗೆದಿಟ್ಟು ಪುಟ್ಟನ ಫೈಲಿನ ಹಿಂಬದಿಯಲ್ಲಿ ಅಂಗುಳದ ಚಿತ್ರ ಬರೆದರು. ಮೊದಲ ಸಲ ಹೊಲಿಯುವಾಗ ಚರ್ಮ ಮೆತ್ತಗಿರುತ್ತೆ, ಎಳೆದಂತೆ ಬರುತ್ತೆ. ಎರಡನೇ ಸಲಕ್ಕೆ ಅದು ಗಾಯದ ಕಲೆಯಾಗಿ ಗಡುಸಾಗಿರುತ್ತೆ, ರಕ್ತ ಓಡೋದು ಕಮ್ಮಿ, ಎಳೆಯೋಕೆ ಜಾಗವೂ ಇಲ್ಲ. ಎಳೆತ ಉಳಿದರೆ ಮತ್ತೆ ಬಿಟ್ಟುಕೊಳ್ಳುತ್ತೆ, ಹಾಗಾಗಿ ಎರಡು ಪದರದಲ್ಲಿ, ಮೂಗಿನ ಕಡೆಯದು ಬೇರೆ ಬಾಯಿಯ ಕಡೆಯದು ಬೇರೆ, ಬಿಗಿಯಾಗದ ಹಾಗೆ ಮುಚ್ಚಬೇಕು. ಅಂಗುಳದಲ್ಲೇ ಸಾಲದಿದ್ದರೆ ಕೆನ್ನೆಯ ಒಳಗಿನಿಂದ ತರ್ತೀನಿ ಅಂದರು. ಅದೂ ಆಗದಿದ್ದರೆ ನಾಲಿಗೆಯ ಒಂದು ಪಟ್ಟಿಯನ್ನು ಅಂಗುಳಕ್ಕೆ ಹೊಲಿದು ಮೂರು ವಾರ ಹಾಗೇ ಬಿಟ್ಟು ಆಮೇಲೆ ಬಿಡಿಸೋದಂತೆ. ನಾಲ್ಕು ವರ್ಷ ತುಂಬದ ಮಗು, ನಾಲಿಗೆ ಮೇಲಕ್ಕೆ ಅಂಟಿಕೊಂಡು ಮೂರು ವಾರ! ನನ್ನ ಮುಖ ನೋಡಿ, ಈ ಅಳತೆಯ ತೂತಿಗೆ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ, ಆದರೆ ಹೇಳದೆ ಇರಬಾರದು ಅಂದರು. ತಾನೇ ಮಾಡಿದರೂ ಮತ್ತೆ ಬಿಟ್ಟುಕೊಳ್ಳಬಹುದು ಅನ್ನೋದನ್ನೂ ಹೇಳಿದರು. ಗ್ಯಾರಂಟಿ ಕೊಟ್ಟಿದ್ದರೆ ನನಗೆ ಅನುಮಾನವೇ ಬರುತ್ತಿತ್ತು.

ಆಮೇಲೆ ಫೈಲಿನಲ್ಲಿ ‘ಟು ಬಿ ಡನ್ ಬೈ ಸೆಲ್ಫ್’ (ನಾನೇ ಮಾಡೋದು) ಅಂತ ಬರೆದು ಸಹಿ ಹಾಕಿದರು. ಬಾಯಿ ಮಾತಿಗಿಂತ ಆ ಸಾಲು ನನಗೆ ಬೇಕಿತ್ತು. ಒಪ್ಪಿಗೆ ಪತ್ರದಲ್ಲೂ ‘ಮತ್ತು ತಂಡ’ದ ಮೊದಲು ಅವರ ಹೆಸರು ಇರುತ್ತೆ. ಕೊನೇ ಹೊಲಿಗೆಗಳನ್ನ ಅಸಿಸ್ಟೆಂಟ್ ಹಾಕಬಹುದು, ಒಪ್ಪಿಗೆಯಾ ಅಂತ ಕೇಳಿದರು. ಆಗಲಿ ಅಂದೆ. ಕಿರಿಯರು ಎಲ್ಲಿ ಕಲಿಯಬೇಕು ಮತ್ತೆ? ಎಲ್ಲ ತಾಯಂದಿರೂ ಹಿರಿಯರೇ ಬೇಕು ಅಂತ ಕೂತರೆ ಇನ್ನಿಪ್ಪತ್ತು ವರ್ಷಕ್ಕೆ ಹಿರಿಯರೇ ಇರೋಲ್ಲ. ಮೊದಲ ಆಪರೇಷನ್ನಾಗಿದ್ದರೆ, ಹಿರಿಯರು ಪಕ್ಕದಲ್ಲಿ ನಿಂತಿದ್ದರೆ, ನಾನು ಇಷ್ಟೆಲ್ಲ ಕೇಳುತ್ತಿರಲಿಲ್ಲ. ಇದು ಎರಡನೆಯದು. ಇದೂ ಕೆಟ್ಟರೆ ಮುಂದೆ ಹೊಲಿಯೋಕೆ ಉಳಿಯೋ ಚರ್ಮವೇ ಕಮ್ಮಿ. ಮತ್ತೆ ಹಿರಿಯರು ಅಂದರೆ ತಲೆ ನರೆತವರು ಅಂತಲೂ ಅಲ್ಲ. ದೊಡ್ಡ ಹೆಸರಿದ್ದು ವರ್ಷಕ್ಕೊಂದು ಅಂಗುಳ ಮುಟ್ಟುವವರಿಗಿಂತ ವಾರವಾರವೂ ಇದನ್ನೇ ಮಾಡುವ ನಲವತ್ತರ ಡಾಕ್ಟ್ರೇ ವಾಸಿ. ನಮಗೆ ಎರಡೂ ಒಬ್ಬರಲ್ಲೇ ಸಿಕ್ಕಿದ್ದು ಅದೃಷ್ಟ.

ಬರೋ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ‘ಸರ್ಜನ್ ಆರಿಸೋದು ನಿಮ್ಮ ಹಕ್ಕು’ ಅಂತ ಇರುತ್ತಲ್ಲ, ಹಾಗೇನೂ ಇಲ್ಲ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇರೋದು ಇಷ್ಟು: ಚಿಕಿತ್ಸೆ ಕೊಡುವವರು ಯಾರು, ಅವರ ಅರ್ಹತೆ ಏನು, ಮುಖ್ಯ ಜವಾಬ್ದಾರಿ ಯಾವ ಡಾಕ್ಟ್ರದು ಅಂತ ತಿಳಿದುಕೊಳ್ಳಬಹುದು, ಎರಡನೇ ಅಭಿಪ್ರಾಯ ಪಡೆಯಬಹುದು. ಇಂಥವರೇ ಮಾಡಲಿ ಅನ್ನೋದು ವಿನಂತಿ, ಅವರು ಇಲ್ಲ ಅನ್ನಬಹುದು. ಇಲ್ಲ ಅಂದಿದ್ದರೆ ಫೈಲು ಎತ್ತಿಕೊಂಡು ಧಾರವಾಡಕ್ಕೋ ಮಂಗಳೂರಿಗೋ ಹೋಗೋದು ಅಂತ ನಾವಿಬ್ಬರೂ ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು.

ಕೇಳಿದ್ದಕ್ಕೆ ಬೆಲೆಯೂ ಇದೆ. ಯೂನಿಟ್ಟಿನ ಬೇರೆಯವರಾದರೆ ಇದೇ ತಿಂಗಳು ಆಗುತ್ತಿತ್ತು, ಈ ಸಾರ್ ಲಿಸ್ಟಿನಲ್ಲಿ ನಮ್ಮ ಸರದಿ ಜನವರಿ ಕೊನೆಗೆ. ಸ್ಕೂಲಿಗೆ ಮುಂಚೆ ಮುಗಿಯುತ್ತಲ್ಲ, ಸಾಕು. ಅನಸ್ತೇಷಿಯಾದವರನ್ನೂ ಕಂಡು ಬಂದೆವು. ಗಟ್ಟಿ ಊಟ ಆರು ಗಂಟೆ ಮೊದಲೇ ನಿಲ್ಲಿಸಬೇಕು, ಬರೀ ನೀರು ಎರಡು ಗಂಟೆ ಮುಂಚಿನವರೆಗೂ ಕೊಡಬಹುದು. ಮಧ್ಯರಾತ್ರಿಯಿಂದ ಒಂದು ತೊಟ್ಟೂ ಕೊಡಬೇಡಿ ಅಂದಿದ್ದ ಹೋದ ಸಲದ ಗೋಳು ನೆನೆದರೆ ಇದು ಎಷ್ಟೋ ವಾಸಿ. ಆಮೇಲೆ ಬಾಯಿಗೆ ಬೆರಳು ಹಾಕದ ಹಾಗೆ ಮೊಣಕೈ ಮಡಚದಂತೆ ಕಟ್ಟೋ ಸ್ಪ್ಲಿಂಟ್, ವಾರಗಟ್ಟಲೆ ಗಂಜಿ, ಸೋಸಿದ ಸಾರು. ಚಕ್ಕುಲಿ ಡಬ್ಬ ಈಗಿಂದಲೇ ಅಟ್ಟ ಸೇರಿದೆ. ನೆಗಡಿ, ಕೆಮ್ಮು ಇದ್ದರೆ ಲಿಸ್ಟಿನಿಂದ ತೆಗೆದು ಮತ್ತೆ ವಾರಗಟ್ಟಲೆ ಮುಂದಕ್ಕೆ ಹಾಕ್ತಾರೆ. ಹಾಗಾಗಿ ಸಂಕ್ರಾಂತಿಗೆ ಊರಿಗೆ ಬರೋಲ್ಲ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡಾಯಿತು. ಮೂಗು ಸೊರಸೊರ ಅನ್ನೋ ನೆಂಟರು ಯಾರೂ ಜನವರಿ ಮುಗಿಯೋವರೆಗೆ ಈ ಕಡೆ ಸುಳಿಯಬೇಡಿ. ಎಳ್ಳುಬೆಲ್ಲ ಕೊರಿಯರಿನಲ್ಲಿ ಕಳಿಸಿದರೆ ಬೇಡ ಅನ್ನೋಲ್ಲ.