ಟ್ಯಾಂಕು ಬೆವರುತ್ತಿತ್ತು, ಸೋರುತ್ತಿರಲಿಲ್ಲ

ಫ್ಲಶ್ ಟ್ಯಾಂಕಿನ ಕೆಳಗೆ ದಿನವೂ ಬೆಳಿಗ್ಗೆ ನೀರು ನಿಂತಿರುತ್ತಿದ್ದುದನ್ನು ಕಂಡು, ಎಲ್ಲೋ ಸೋರುತ್ತಿದೆಯೆಂದು ನಂಬಿ ನಾನು ಎರಡು ಬಾರಿ ವಾಷರ್ ಬದಲಿಸಿದ್ದೆ. ಕೊನೆಗೆ ಟ್ಯಾಂಕಿನ ಹೊರಮೈಯನ್ನು ಒರೆಸಿ, ಒಳಗಿನ ನೀರಿಗೆ ಅಡುಗೆಯ ಬಣ್ಣ ಬೆರೆಸಿ ಕಾದು ನೋಡಿದೆ. ನೆಲಕ್ಕೆ ಬಿದ್ದ ಹನಿಗಳಿಗೆ ಬಣ್ಣವೇ ಇರಲಿಲ್ಲ. ಅದು ಟ್ಯಾಂಕಿನ ನೀರಲ್ಲ, ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಪಿಂಗಾಣಿಗೆ ತಗುಲಿ ಹನಿಯಾಗಿದ್ದುದು.

ಕೋಣೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 70 ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ನೀರಾವಿ ಹನಿಗಟ್ಟಲು ತೊಡಗುವ ಉಷ್ಣತೆ, ಸುಮಾರು 24 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯೂ ಬೆವರದೆ ಇರದು. ಆದ್ದರಿಂದ ಒಂದೋ ಗಾಳಿಯ ತೇವವನ್ನು ತಗ್ಗಿಸಬೇಕು, ಇಲ್ಲವೇ ಆ ಗಾಳಿ ತಣ್ಣನೆಯ ಮೈಯನ್ನು ಮುಟ್ಟದಂತೆ ತಡೆಯಬೇಕು. ಸ್ನಾನವಾದ ಮೇಲೆಯೂ ಸ್ವಲ್ಪ ಹೊತ್ತು ಎಕ್ಸಾಸ್ಟ್ ಫ್ಯಾನ್ ಓಡಲು ಬಿಡುವುದು ಮೊದಲನೆಯದಕ್ಕೆ ಸುಲಭದ ದಾರಿ. ಹೊರಗಿನ ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ ಮಾತ್ರ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಎರಡನೆಯ ದಾರಿ ಹಿಡಿದು, ಬೆವರುವ ತಣ್ಣೀರಿನ ಕೊಳವೆಗಳಿಗೆ ಫೋಮ್ ಕವಚ ತೊಡಿಸುವಾಗ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ನೇರವಾದ ಭಾಗಗಳಿಗಷ್ಟೇ ಕವಚ ಹಾಕಿ, ಮೊಣಕೈ ತಿರುವುಗಳನ್ನೂ ವಾಲ್ವುಗಳನ್ನೂ ಹಾಗೆಯೇ ಬಿಟ್ಟಿದ್ದೆ, ಸೀಳಿಗೆ ಟೇಪ್ ಕೂಡ ಅಂಟಿಸಿರಲಿಲ್ಲ. ಆ ಸಂದುಗಳಿಂದ ಒಳಹೊಕ್ಕ ತೇವದ ಗಾಳಿ ಕವಚದೊಳಗೇ ನೀರಾಗಿ, ಹೊರಗೆ ಕಾಣದಂತೆ ಗೋಡೆಯತ್ತ ಹರಿಯುತ್ತಿತ್ತು. ಇದಕ್ಕಿಂತ ಬರಿ ಕೊಳವೆಯೇ ವಾಸಿ ಎನ್ನಿಸಿತು. ಹಳೆಯ ಬಟ್ಟೆ ಸುತ್ತುವುದೂ ಇದೇ ಕಾರಣಕ್ಕೆ ವ್ಯರ್ಥ, ಏಕೆಂದರೆ ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ನುಸುಳದ, ಮುಚ್ಚಿದ ರಂಧ್ರಗಳ ಫೋಮನ್ನೇ ಆರಿಸಿ, ಪ್ರತಿ ಸಂದನ್ನೂ ಟೇಪಿನಿಂದ ಮುಚ್ಚಬೇಕು. ತಾಮ್ರದ ಕೊಳವೆಗೆ ಹೋಲಿಸಿದರೆ ಪ್ಲಾಸ್ಟಿಕ್ಕಿನದು ಕಡಿಮೆ ಬೆವರುತ್ತದೆ, ಆದರೆ ಬೆವರುವುದೇ ಇಲ್ಲವೆಂದಲ್ಲ.

ಟ್ಯಾಂಕಿನ ಒಳಗೋಡೆಗೂ ಫೋಮ್ ಹಾಳೆ ಅಂಟಿಸಬಹುದು. ನಾನೂ ಅದಕ್ಕೇ ಸಿದ್ಧನಾಗಿದ್ದೆ. ಅಷ್ಟರಲ್ಲಿ, ಯಾರೂ ಫ್ಲಶ್ ಮಾಡದಿದ್ದರೂ ಅದೇ ಬಣ್ಣದ ನೀರು ಕಮೋಡಿನೊಳಗೆ ಇಳಿದಿರುವುದು ಕಣ್ಣಿಗೆ ಬಿತ್ತು. ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಸವೆದಿದ್ದರಿಂದ ನೀರು ಸದ್ದಿಲ್ಲದೆ ಜಾರಿ, ಅದರ ಜಾಗಕ್ಕೆ ರಾತ್ರಿಯಿಡೀ ಹೊಸ ತಣ್ಣೀರು ತುಂಬುತ್ತಿದ್ದುದರಿಂದ, ಟ್ಯಾಂಕಿನ ನೀರು ಕೋಣೆಯ ಉಷ್ಣತೆಗೆ ಏರಲು ಅವಕಾಶವೇ ಆಗುತ್ತಿರಲಿಲ್ಲ. ಮುಚ್ಚಳ ಬದಲಿಸಿದ ಮರುದಿನ ಬೆಳಿಗ್ಗೆ ನೆಲ ಒಣಗಿತ್ತು. ಫೋಮ್ ಹಾಳೆ ಇನ್ನೂ ಸುರುಳಿಯಲ್ಲೇ ಇದೆ.